ರಕ್ಕೆ ಕೊಂಬು ರು

ಮಂಗಲಪೇಟೆಯ ಕೊನೆಗೆ, ಹಿಟ್ಟಿನ ಗಿರಣಿಯ ಪಕ್ಕ,
ಜಹೂರ್ ಮಿಯಾನ ಪ್ರೆಸ್ಸು.
ಗಿರಣಿ ತಿರುಗಿದರೆ ಇಲ್ಲಿ ಕಂಪ್ಯೂಟರಿನ ಮೇಲೂ ಜೋಳದ ಧೂಳು.
ಡಿಸೆಂಬರಿನ ಹದಿನೆಂಟು, ಬೀದರದ ಚಳಿ,
ಸ್ವೆಟರಿನ ತೋಳಿನೊಳಗೆ ಬೆರಳು ಎಳೆದುಕೊಂಡು
ನಮ್ಮ ಕಾರ್ಡು ನೋಡಿದೆ.

ನಕ್ಷತ್ರ ಸರಿ. ಕುರಿಮರಿ ತುಸು ನಾಯಿಯ ಹಾಗಿದೆ, ಇರಲಿ.
ಕೆಳಗೆ ಇಂಗ್ಲಿಷಿನಲ್ಲಿ, ಬಂಗಾರದ ಬಣ್ಣದಲ್ಲಿ:
ದ ಝರೆಪ್ಪ’ಸ್.
ಅದರ ಕೆಳಗೆ ಕನ್ನಡದಲ್ಲಿ:
ಶುಭ ಕೋರುವವರು, ಝರೆಪ್ಪನವರ.

“ಇದೇನೋ ತಮ್ಮಾ, ಪ್ಪ ಆದಮ್ಯಾಲ ಜೀರಿಗಿ ಬಿದ್ದಾದಲ್ಲ?”
“ಜೀರಿಗಿ ಅಲ್ರಿ ಟೀಚರ್, ಅಪಾಸ್ಟ್ರಫಿ.
ಎಲ್ಲಾರೂ ಹಾಕಿಸ್ತಾರ್ರಿ. ಛಂದ ಕಾಣ್ತದ.”

ಮೂವತ್ತೊಂದು ವರ್ಷ ಮಿಶನ್ ಶಾಲೆಯಲ್ಲಿ
ಇದನ್ನೇ ಹೇಳಿ ಗಂಟಲು ಹರಿದುಕೊಂಡವಳು ನಾನು:
ಮನೆಮಂದಿ ಹಲವರಾದರೆ ಎಸ್ ಒಂದು ಸಾಕು,
ನೆತ್ತಿಯ ಮೇಲಿನ ಆ ಕೊಕ್ಕೆ ಬೇಡ.
ಕೊಕ್ಕೆ ಬಂತೋ, ಯಾವುದೋ ಒಂದು ಯಾರದೋ ಆಯಿತು.
ಝರೆಪ್ಪನ ಏನು? ಕೊಡೆಯೋ? ಎಮ್ಮೆಯೋ?
ವಾಕ್ಯ ಬಾಯಿ ತೆರೆದುಕೊಂಡು ಕೂತಿರುತ್ತದೆ.

ಹುಡುಗ ನಕ್ಕ. ನಾನು ನಗಲಿಲ್ಲ.

ಝರೆಪ್ಪ ನನ್ನ ಮುತ್ಯಾ.
ಭಾಲ್ಕಿ ಕಡೆಯ ಒಂದು ಊರು, ಹೆಸರು ಬೇಡ.
ಅಲ್ಲಿ ದಾರಿಯಲ್ಲಿ ಸಿಕ್ಕವರು ಹೆಸರು ಕೇಳುತ್ತಿರಲಿಲ್ಲ,
“ಯಾರಾಂವಲೇ ನೀ?” ಅನ್ನುತ್ತಿದ್ದರು.
ಅವನು ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು,
“ದೇಶಮುಖರಾಂವ್ರೀ ಎಪ್ಪಾ.”
ಎತ್ತಿಗೂ ಅದೇ ಉತ್ತರ, ಕಣಕಿ ಬಣವೆಗೂ ಅದೇ.
ನಮ್ಮ ಭಾಷೆಗೆ ಕೊಕ್ಕೆಯ ಹಂಗಿಲ್ಲ.
ಮನುಷ್ಯನನ್ನು ಗೂಟಕ್ಕೆ ಕಟ್ಟಲು
ಬರೀ ಒಂದು ರ ಸಾಕು.

ಒಮ್ಮೆ ಸಂತೆಯಿಂದ ಟೈರಿನ ಚಪ್ಪಲಿ ತಂದು
ವಾಡೆಯ ಮುಂದೆ ಮೆಟ್ಟಿಕೊಂಡೇ ನಡೆದನಂತೆ.
“ಯಾಕಲೇ, ಕೊಂಬು ಬಂದಾವೇನು?”
ಚಪ್ಪಲಿ ಅವತ್ತು ತಲೆಯ ಮೇಲೆ ಹೊತ್ತು ಮನೆಗೆ ಬಂದ.
ಆಮೇಲೊಂದು ರಾತ್ರಿ, ಮೂರು ಮಕ್ಕಳು, ಒಂದು ಗಂಟು,
ಕಾಲುನಡಿಗೆಯಲ್ಲಿ ಬೀದರ.

ಮಿಶನ್ ಬೋರ್ಡಿಂಗಿನ ಗುಮಾಸ್ತ ಟಾಕು ಅದ್ದಿ ಕೇಳಿದ: ಅಡ್ಡಹೆಸರು?
ಮುತ್ಯಾ ಅಂಥ ಮಾತು ಕೇಳಿದವನಲ್ಲ.
ಯಾರಾಂವ ಅಂತಲೇ ಕೇಳಿದನೆಂದು ತಿಳಿದ.
ಬಾಯಿಗೆ ಬಂದದ್ದನ್ನು ನುಂಗಿ, ಬಹಳ ಹೊತ್ತಾದ ಮೇಲೆ,
“ನಾ ಝರೆಪ್ಪನಾಂವ” ಅಂದ.
ಗುಮಾಸ್ತ ಬರೆದುಕೊಂಡ.

ಅದೊಂದು ಸಲ, ಅಷ್ಟೇ, ಕೊಕ್ಕೆ ಸರಿಯಿತ್ತು.
ಈಗ ನಾವು ಹದಿನಾಲ್ಕು ಮಂದಿ,
ಮೊನ್ನೆ ಹುಟ್ಟಿದ್ದನ್ನು ಹಿಡಿದು.

“ಮ್ಯಾಲಿಂದು ತಗಿ ತಮ್ಮಾ. ಕೆಳಗಿನ ರಕ್ಕ ಕೊಂಬು ಕೊಡು.”
“ಐವತ್ತು ಛಾಪ ಆಗ್ಯಾವ್ರಿ ಟೀಚರ್.”
ಒಳಗಿಂದ ಜಹೂರ್ ಮಿಯಾ: “ಅರ್ಧಾ ರೊಕ್ಕಾ ಕೊಟ್ಟು ಒಯ್ರಿ ಬಿಡ್ರಿ.”

ರಾತ್ರಿ ಅಡುಗೆಮನೆಯಲ್ಲಿ ಶಂಕರಪಾಳಿ ಕರಿದ ಎಣ್ಣೆಯ ವಾಸನೆ.
ಬ್ಲೇಡಿನ ತುದಿಯಿಂದ ಜೀರಿಗೆ ಕೆರೆದೆ, ಐವತ್ತು ಸಲ.
ಬಂಗಾರದ ಹುಡಿ ಉಗುರಿಗೆ ಅಂಟಿತು.
ಆಮೇಲೆ ಕರಿ ಪೆನ್ನು, ಒಂದನೇ ಇಯತ್ತೆಯ ರಾಗದಲ್ಲೇ:
ರಕ್ಕೆ ಕೊಂಬು ರು, ರಕ್ಕೆ ಕೊಂಬು ರು.
ತಮ್ಮನ ಸೊಸೆ ಬಾಗಿಲಿಗೆ ಒರಗಿ ನಿಂತು,
“ಅತ್ಯಾ, ಯಾರ್ ನೋಡ್ತಾರ ಇದೆಲ್ಲ?”

ಗೊತ್ತಿಲ್ಲ.
ವಿಳಾಸ ಬರೆಯುತ್ತ ಹೋದೆ. ಹುಮನಾಬಾದ, ಚಿಟಗುಪ್ಪ,
ಜಹೀರಾಬಾದಿನ ಸಣ್ಣಮ್ಮ.
ಕೊನೆಗೆ ಆ ದೇಶಮುಖರ ಮೊಮ್ಮಗ, ಬ್ಯಾಂಕಿನಿಂದ ನಿವೃತ್ತ,
ಈಗ ಇದೇ ಊರಲ್ಲಿ, ಗುಂಪಾದ ಕಡೆ ಮನೆ.
ದೀಪಾವಳಿಗೆ ಅವರ ಕಾರ್ಡು ಬಂದಿತ್ತು:
ದ ದೇಶಮುಖ’ಸ್.
ದೇಶಮುಖರ ಏನು, ಬರೆದಿರಲಿಲ್ಲ.

ಅವರಿಗೆ ಹೋಗುವ ಕಾರ್ಡಿನಲ್ಲಿ
ಕೊಂಬು ಸ್ವಲ್ಪ ಉದ್ದವಾಗಿದೆ.
ಕೇಳಿದರೆ, ಶಾಯಿ ಹರಿಯಿತು ಅನ್ನುತ್ತೇನೆ.