ಮುರಿ

ಮಂಡಕ್ಕಿಗೆ ಅವಳೂರಲ್ಲಿ ಮುರಿ ಅಂತಾರಂತೆ.
ಮೊದಲ ದಿನ ಭಟ್ಟಿಯಲ್ಲಿ ನಕ್ಕಿದ್ದೆವು:
ಏನು ಮುರೀಬೇಕೇ ತಾಯಿ, ಸೌದೆಯೋ ಸೊಂಟವೋ?

ಆರು ವರ್ಷ ಕಾದ ಮರಳಲ್ಲಿ
ಅಕ್ಕಿ ಅರಳಿಸಿದಳು ಶಾಹಿನೂರ್.
ಮಗಳು ತುಲಿ ಹುಟ್ಟಿದ್ದು ಇಲ್ಲೇ,
ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ.

ಬುಧವಾರ ಜೀಪು ಬಂತು.
ಬಂದಷ್ಟು ಕನ್ನಡವೂ ಅವಳಿಗೆ ಮರೆತುಹೋಯಿತು.
ಯಾವ ದೇಶ? ಕಾಗದ ಎಲ್ಲಿ?
ಅವರು ಕೇಳಿದ್ದನ್ನು ಅಮ್ಮನಿಗೆ,
ಅಮ್ಮ ಅಂದದ್ದನ್ನು ಅವರಿಗೆ
ಮಗುವೇ ಹೇಳಿತು, ಕೈಕಟ್ಟಿ,
ಒಂದನೇ ಕ್ಲಾಸಿನ ಪದ್ಯ ಒಪ್ಪಿಸಿದ ಹಾಗೆ.
ಜೀಪು ಹತ್ತುವಾಗ ಅವಳು ಅಂದದ್ದನ್ನು ಮಾತ್ರ
ಯಾರಿಗೂ ಹೇಳಲಿಲ್ಲ.

ಈಗ ನನ್ನ ಮನೆಯಲ್ಲಿದೆ.
ನಿನ್ನೆ ರಾತ್ರಿ, ಏನು ತಿಂತೀಯೇ ಅಂದೆ.
ಮುರಿ, ಅಂತು.

ಒಗ್ಗರಣೆ ಇಲ್ಲದೆ, ಖಾರ ಇಲ್ಲದೆ
ಬೊಗಸೆ ತುಂಬ ಕೊಟ್ಟೆ.
ಒಂದೊಂದೇ ಬಾಯಿಗಿಟ್ಟು
ನೆನೆಯುವ ತನಕ ಕಾದು ನುಂಗಿತು,
ಸದ್ದಾಗದ ಹಾಗೆ.