ಮೂರು ರಾತ್ರಿಯ ತೂಕ

ನಾನು ತೂಕದವಳು.
ಸಿದ್ದಾಪುರದ ಕಾಫಿ ಗೋದಾಮಿನಲ್ಲಿ ಏಳು ವರ್ಷ:
ಚೀಲ ಹತ್ತಿಸು, ಮುಳ್ಳು ನಿಲ್ಲಲಿ, ಬರೆದುಕೋ, ಇಳಿಸು.
ಗೋಣಿಯ ಭಾರ ಕಳೆದು,
ತೇವಕ್ಕೆ ಇಷ್ಟು, ಕಲ್ಲಿಗೆ ಇಷ್ಟು ಎಂದು ಮುರಿದು
ಚೀಟಿ ಹರಿದು ಕೊಡುವವಳು.
ಎಷ್ಟು ಬಂತು, ಎಷ್ಟು ಹೋಯಿತು
ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಯೇನು.

ಈಗ ಕೇಳಬೇಡಿ.

ನಲವತ್ತೊಂದನೆಯ ದಿನದವರೆಗೆ ಎಲ್ಲ ಸರಿಯಿತ್ತು.
ಎರಡೂವರೆ ಗಂಟೆಗೊಮ್ಮೆ ಹಾಲು, ಒಂದು ತೇಗು, ನಿದ್ದೆ.
ನಲವತ್ತೆರಡಕ್ಕೆ ಇವಳಿಗೆ ಏನಾಯಿತೋ.
ಕುಡಿದು ಬಿಟ್ಟು, ಬಿಟ್ಟದ್ದಕ್ಕೆ ಅತ್ತು,
ಅತ್ತದ್ದಕ್ಕೆ ಹಸಿದು, ಮತ್ತೆ ಬಾಯಿ ಹಾಕಿ,
ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ
ಹಗಲಿಡೀ ಮಗ್ಗುಲು ಬದಲಿಸಿದೆ.
ನನಗೆಂದು ಬಡಿಸಿಟ್ಟ ಗಂಜಿ ಕೆನೆ ಕಟ್ಟಿ ಕೂತಿತು.

"ಹಾಲು ಸಾಲ್ತಿಲ್ಲ ನಿಂಗೆ" ಅಂದರು ಅತ್ತೆ,
ಬೈದಂತಲ್ಲ, ಮೆಲ್ಲಗೆ,
ಮಳೆ ಬರ್ತದೆ ಬಟ್ಟೆ ತೆಗಿ ಅಂದಹಾಗೆ.
ಮೆಂತೆ ಅರೆದರು, ಬೆಳ್ಳುಳ್ಳಿ ಸುಟ್ಟರು.
ಪಕ್ಕದ ಮನೆಯ ನಬೀಸತ್ತ ಬೇಲಿಯಾಚೆಯಿಂದಲೇ
ಒಂದು ಡಬ್ಬಿ ಹಾಲಿನ ಹೆಸರು ಹೇಳಿದರು,
ಮಗಳ ಮಗು ಅದರಲ್ಲೇ ಗುಂಡಗಾದದ್ದಂತೆ.
ಒಳಗೆ ಬಂದು ಮೊಲೆ ಒತ್ತಿ ನೋಡಿದೆ.
ಮೊದಲ ವಾರ ಕಲ್ಲಿನ ಹಾಗೆ ಬಿಗಿದು ಕಾಯುತ್ತಿದ್ದದ್ದು
ಈಗ ಸುರಿದು ಮುಗಿದ ಚೀಲ.
ಏಳು ವರ್ಷ ಊರವರಿಗೆಲ್ಲ "ಕಮ್ಮಿ ಉಂಟು" ಅಂದ ಬಾಯಿಗೆ
ನನ್ನದೇ ಚೀಟಿ ಬಂತು.

ಕೀರ್ತನನಿಗೆ ರಾತ್ರಿ ಡ್ಯೂಟಿ,
ಆನೆ ಓಡಿಸುವವರ ಜೀಪಿನಲ್ಲಿ ಟಾರ್ಚು ಹಿಡಿದು ಕೂರುವುದು.
ಹನ್ನೊಂದೂಕಾಲಿಗೆ ಫೋನು ಮಿನುಗಿತು:
ಕರಡಿಗೋಡು ತೋಟ. ಒಂದು ತಾಯಿ, ಒಂದು ಮರಿ.
ಹಲಸಿನ ಬುಡ ಬಿಟ್ಟು ಕದಲ್ತಿಲ್ಲ.
ಒಂದೇ ಕೈಯಲ್ಲಿ ಒತ್ತಿದೆ:
ಇಲ್ಲೂ ಅಷ್ಟೆ.

ಒಂದು ಗಂಟೆಗೆ ಹೊಳೆಯಾಚೆ ಪಟಾಕಿ.
ಇವಳು ಬೆಚ್ಚಲಿಲ್ಲ. ಕುಡಿಯುತ್ತಿದ್ದಳು.
ಮೂರಕ್ಕೆ ಮತ್ತೆ ಫೋನು: ಓಡಿಸಿದ್ವಿ. ವಾಪಸ್ ಬಂದಿವೆ.
ಇಲ್ಲೂ.
ಆಮೇಲೆ ನನಗೆ ಆ ಮರಿಯದೇ ಯೋಚನೆ.
ಹಲಸು ತಾಯಿಗೆ, ತಾಯಿ ಮರಿಗೆ;
ಜೀಪು ಹೊತ್ತಿಸಿದ ಬೆಳಕಿನಲ್ಲೂ
ಮುಂಗಾಲ ಸಂದಿಗೆ ತಲೆ ತೂರಿಸಿ, ಸೊಂಡಿಲು ಮೇಲೆತ್ತಿ
ಎಷ್ಟು ಕುಡಿಯುತ್ತದೋ ಅದು.
ಸಾಕೋ ಸಾಲದೋ, ತೂಗುವವರು ಯಾರು.
ಹಾಗೆಂದುಕೊಂಡು ಅತ್ತೆ,
ಯಾಕೆಂದು ಗೊತ್ತಿಲ್ಲ. ನಿದ್ದೆಯಿರಲಿಲ್ಲ.

ಮೂರನೆಯ ದಿನ ಆಶಾ ತಂಗಮಣಿ ಬಂದಳು,
ಬ್ಯಾಗಿನಲ್ಲಿ ಜೋಲಿಯ ತಕ್ಕಡಿ.
ಜಂತಿಗೆ ಕೊಕ್ಕೆ ಸಿಕ್ಕಿಸಿ ಇವಳನ್ನು ತೂಗುಬಿಟ್ಟಳು.
ಮುಳ್ಳು ನಡುಗಿತು.
ನಾನು, ತೂಕದವಳು, ಕಣ್ಣು ಮುಚ್ಚಿದೆ.

"ನಾಲ್ಕು ಇನ್ನೂರು. ಬಟ್ಟೆ ದಿನಕ್ಕೆಷ್ಟು ಒದ್ದೆ?"
"ಎಂಟು."
"ಮತ್ತೆಂಥ ಅಳು ಮಾರಾಯ್ತಿ?
ಬೆಳೀತಾ ಇದ್ದಾಳೆ. ಇದು ಬರೀ ಕುಡಿಯೋದಲ್ಲ,
ನಾಳೆಯಿಂದ ಲೋಡು ಜಾಸ್ತಿ ಕಳಿಸಿ ಅಂತ ಆರ್ಡರು.
ಗೋದಾಮಿನವಳಿಗೆ ನಾನು ಹೇಳಿಕೊಡಬೇಕಾ?"
ಅತ್ತೆ ನಕ್ಕರು, ಮೆಂತೆಗಂಜಿ ಮಾತ್ರ ಬಿಡಲಿಲ್ಲ.

ಆ ರಾತ್ರಿ ಐದು ಗಂಟೆ ಸದ್ದಿಲ್ಲ.
ನಾನೇ ಬೆಚ್ಚಿ ಎದ್ದೆ, ಮೂಗಿನ ಬಳಿ ಬೆರಳಿಟ್ಟು ನೋಡಿದೆ.
ಉಸಿರು ಬಿಸಿಯಿತ್ತು. ನನ್ನ ರವಿಕೆ ತೊಯ್ದು
ಹಾಸಿಗೆಗೂ ಇಳಿದಿತ್ತು.
ಮೊನ್ನೆ ಹಿಮ್ಮಡಿ ಮುಚ್ಚುತ್ತಿದ್ದ ಉಣ್ಣೆಯ ಚಡ್ಡಿ
ಈಗ ಮೊಣಕಾಲಿನ ಮಡಿಕೆಗೆ ಬಂದು ನಿಂತಿದೆ.
ಕೀರ್ತನ ಬಂದು ಬೂಟು ಬಿಚ್ಚದೆ ಬಾಗಿಲಲ್ಲೇ ಕೂತ.
"ತಾವಾಗೇ ಹೊಳೆ ದಾಟಿದ್ವು," ಅಂದ. "ಇವಳು?"

ತಂಗಮಣಿಯ ಪುಸ್ತಕದಲ್ಲಿ ಜೋಲಿ ಕಳೆದು ಬರೆದದ್ದಿದೆ.
ನಾನು ಏನೂ ಕಳೆಯಲಿಲ್ಲ.
ಹೊದಿಕೆ ಸಮೇತ, ತೇವ ಸಮೇತ
ಎತ್ತಿಕೊಂಡೆ.