ಎಡಮೂಲೆಯವನು ಕಂಡ ಮಹಾಸಭೆ

ಪೈವಳಿಕೆಯ ಶಾಲೆಯ ಹಾಲಿನಲ್ಲಿ, ಭಾನುವಾರ ಹನ್ನೊಂದಕ್ಕೆ,
ನಮ್ಮ ಕಬಡ್ಡಿ ಸಂಘದ ಮಹಾಸಭೆ.
ವೇದಿಕೆಯ ಮೇಲೆ ಏಳು ಕುರ್ಚಿ.
ಏಳು. ಎಣಿಸಿದ್ದು ಅಭ್ಯಾಸಬಲದಿಂದ.
ಕೂತವರಲ್ಲಿ ಮಣ್ಣು ತಿಂದವರು ಯಾರೂ ಇಲ್ಲ.
ಒಬ್ಬರದ್ದು ಚಿನ್ನದಂಗಡಿ, ಒಬ್ಬರದ್ದು ಜಲ್ಲಿ ಕ್ವಾರಿ,
ಮೂಲೆಯಲ್ಲಿರುವವರು ಯಾರೆಂದು ಕೇಳಿದರೆ ಪಕ್ಕದವ
"ಎಂತದೋ, ಪ್ರತಿ ಸಲ ಇರ್ತಾರೆ ಮಾರಾಯ" ಅಂದ.

ಆಡುವವರು ನಾವು ಕಿಟಕಿಯ ಹೊರಗೆ,
ಬಾವಿಕಟ್ಟೆಯಲ್ಲಿ, ನಿಲ್ಲಿಸಿದ ಬೈಕುಗಳ ಮೇಲೆ.
ನನ್ನದು ಎಡಮೂಲೆ. ನನ್ನ ಕೆಲಸ ಕಾಲು ಹಿಡಿಯುವುದು.
ನಗಬೇಡಿ, ಎದುರಾಳಿಯ ಕಣಕಾಲು.
ಸಂಘದ ಆಫೀಸಿನಲ್ಲಿ ಹಿಡಿದದ್ದು ಬೇರೆ ಲೆಕ್ಕ,
ಐತಪ್ಪನ ಮೊಣಕಾಲಿನ ಆಪರೇಷನ್ನಿಗೆ, ಮೂರು ಸಲ.

ಅಂಕಣದ ಬದಿಯಲ್ಲೊಂದು ಪಟ್ಟಿ ಉಂಟು, ಲಾಬಿ ಅಂತ ಹೆಸರು.
ಮೈಗೆ ಮೈ ತಾಗುವವರೆಗೆ ಅಲ್ಲಿ ಕಾಲಿಟ್ಟವ ಔಟು.
ಇವರಿಗೆ ಆ ನಿಯಮವಿಲ್ಲ.
ಯಾರ ಮೈಯನ್ನೂ ಮುಟ್ಟದೆ
ವರ್ಷವಿಡೀ ಅಲ್ಲೇ ಓಡಾಡುತ್ತಾರೆ.

ಸ್ವಾಗತ ಮಲಯಾಳದಲ್ಲಿ ಆಯಿತು, ವರದಿ ಕನ್ನಡದಲ್ಲಿ,
ಲೆಕ್ಕಪತ್ರ ಇಂಗ್ಲಿಷಿನಲ್ಲಿ,
ಬೈಗುಳ, ಕಿಟಕಿಯ ಹೊರಗೆ, ತುಳುವಿನಲ್ಲಿ.
ನಿರ್ಧಾರ ಮಾತ್ರ ನಿನ್ನೆ ರಾತ್ರಿಯೇ ಆಗಿತ್ತಂತೆ,
ಯಾವ ಭಾಷೆಯಲ್ಲೋ.
ಇನ್ನು ಕೊಯ್ಲಾದ ಗದ್ದೆಯಲ್ಲಿ ಪಂದ್ಯವಿಲ್ಲ.
ಮದುವೆ ಹಾಲಿನಲ್ಲಿ, ಮ್ಯಾಟಿನ ಮೇಲೆ, ಇನ್ನೂರು ರೂಪಾಯಿ ಟಿಕೆಟ್ಟು.

ವಾರಿಜಕ್ಕ ಬಾಗಿಲಲ್ಲೇ ನಿಂತಿದ್ದರು.
ಇಪ್ಪತ್ತೆರಡು ವರ್ಷದ ಪಂದ್ಯಗಳು
ಅವರ ಬೀಡಿ ಪಾಸ್‌ಬುಕ್ಕುಗಳ ಹಿಂದಿನ ಪುಟಗಳಲ್ಲಿವೆ.
ಮುಂದೆ ಸಾವಿರ ಬೀಡಿಯ ಲೆಕ್ಕ, ಹಿಂದೆ ನಮ್ಮ ಅಂಕ.
ಅಂಪಾಯರು ತಪ್ಪಿದ್ದು ಕೂಡ ಕೆಂಪು ಶಾಯಿಯಲ್ಲಿ.
ಇನ್ನೂರು ರೂಪಾಯಿ ಎಂದಾಗ
ಅವರು ಬೆರಳು ಮಡಚಿ ಎಷ್ಟು ಬೀಡಿ ಅಂತ ಎಣಿಸಿದರು.
ನಡುವೆ ಎಣಿಕೆ ಬಿಟ್ಟರು.

"ಪ್ರಶ್ನೆ ಇದ್ದರೆ ಬೇಗ. ಊಟ ತಣಿಯುತ್ತದೆ.
ಅರ್ಧ ನಿಮಿಷ ಕೊಡುವ" ಎಂದರು ಕಾರ್ಯದರ್ಶಿ.

ಬೇಕೂರಿನ ಸುಹೈಲ್ ಬೈಕಿನಿಂದ ಇಳಿದ.
ಅರ್ಧ ನಿಮಿಷ ಅವನಿಗೆ ಗೊತ್ತು,
ಒಂದು ದಾಳಿ ಅಷ್ಟೇ ಇರುವುದು.
ಹೊಸ್ತಿಲು ಮುಟ್ಟಿ ಎದೆಗೊತ್ತಿಕೊಂಡು
ಉಸಿರು ಎಳೆದು ಒಳಗೆ ನುಗ್ಗಿದ

ಗದ್ದೆ ನಮ್ಮದು ಗೆರೆಯ ಸುಣ್ಣ ನಮ್ಮದು ಮುರಿದ ಎಲುಬು ನಮ್ಮದು
ಏಳರಲ್ಲಿ ಎರಡು ಕುರ್ಚಿ ಆಡುವವರಿಗೆ ಬೇಕು
ಒಂದು ನೋಡುವವರಿಗೆ ಬೇಕು ಅಗೋ ಆ ವಾರಿಜಕ್ಕನಿಗೆ ಬೇಕು
ಟಿಕೆಟ್ಟಿನ ದುಡ್ಡಲ್ಲಿ ಕಾಲಿಗೆ ಎಷ್ಟು ಬಾಯಿಗೆ ಎಷ್ಟು ಬರೆದು ತೋರಿಸಿ
ಕನ್ನಡದಲ್ಲಿ ಬರೆಯಿರಿ ಮಲಯಾಳದಲ್ಲಿ ಬರೆಯಿರಿ
ಐತಪ್ಪ ಹೆಂಡತಿಯ ಬಳೆ ಇಟ್ಟದ್ದು ನಿಮ್ಮ ಅಂಗಡಿಯಲ್ಲೇ ಸಾರ್
ನಿಮ್ಮ ಹೆಸರಿನ ಬನಿಯನ್ನಿನಲ್ಲೇ ಬಿದ್ದದ್ದು ಸಾರ್

ಅಷ್ಟರಲ್ಲಿ ಮೈಕು ಹೋಯಿತು.
ಕರೆಂಟು ಅಂದರು. ಫ್ಯಾನು ತಿರುಗುತ್ತಲೇ ಇತ್ತು.
ಮೈಕಿಲ್ಲದೆ ಆಡುವವನಿಗೆ ಮೈಕು ಹೋದರೆ ಎಂತ?
ಕೊನೆಯ ಮಾತಿಗೆ ಮೇಜು ಮುಟ್ಟಿ
ಅದೇ ಉಸಿರಿನಲ್ಲಿ ಹೊಸ್ತಿಲಿಗೆ ಮರಳಿದ.

ಒಬ್ಬನನ್ನು ಮುಟ್ಟಿ ಬಂದರೆ
ಔಟಾಗಿ ಕೂತ ನಮ್ಮವನೊಬ್ಬ ಎದ್ದು ಬರಬೇಕು, ನಿಯಮ ಹಾಗೆ.
ಬಾವಿಕಟ್ಟೆಯಿಂದ ಐತಪ್ಪ ಎದ್ದ.
ಊರುಗೋಲಿನ ಸದ್ದು ಸಿಮೆಂಟಿನ ಮೇಲೆ.
ಅವನ ಹಿಂದೆ ನಾವು, ಕೈಗೆ ಕೈ ಕೋಸಿ,
ಸರಪಳಿ ಕಟ್ಟಿದ್ದು ಯಾರೂ ಹೇಳಿ ಅಲ್ಲ.

ಗೆದ್ದೆವು ಅಂತ ಹೇಳುವುದಿಲ್ಲ.
"ಪರಿಶೀಲಿಸುವ" ಅಂದರು. ಊಟಕ್ಕೆ ಎದ್ದರು.
ನಡಾವಳಿ ಪುಸ್ತಕದಲ್ಲಿ ಒಂದೇ ಸಾಲು:
ಇತರ ವಿಷಯಗಳನ್ನು ಚರ್ಚಿಸಲಾಯಿತು.

ಮಧ್ಯಾಹ್ನ ಸಾರಿನ ಸಾಲಿನಲ್ಲಿ ನಿಂತು
ವಾರಿಜಕ್ಕನ ಪುಸ್ತಕ ಇಣುಕಿದೆ.
ತಾರೀಕು. ಪೈವಳಿಕೆ. ಮದುವೆ ಹಾಲಿನವರು, ಗದ್ದೆಯವರು.
ಸುಹೈಲನ ಮಾತು ಅಕ್ಷರ ಬಿಡದೆ ಇತ್ತು,
ಮೈಕು ಹೋದದ್ದು ಕೆಂಪಿನಲ್ಲಿ.
ಅಂಕದ ಜಾಗ ಖಾಲಿ.

"ಎಂತಕ್ಕೆ ಬರೆಯಲಿಲ್ಲ ಅಕ್ಕ?"

"ಇದು ಅರ್ಧ ಆಟ ಅಲ್ವಾ" ಎಂದು
ಪೆನ್ನನ್ನು ಕಿವಿಗೆ ಸಿಕ್ಕಿಸಿ
ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.